ಹರಳುಗಟ್ಟಿದ ರಾಳ ಕೆಟ್ಟಿತೇ? ಮನೆಯಲ್ಲಿ ಕಟ್ಟುವ ವಿಮಾನದಿಂದ ಒಂದು ವಿಜ್ಞಾನ ಪಾಠ

ಬೋಧನಾಭ್ಯಾಸದ ಎರಡನೇ ವಾರ, ಏಳನೇ ತರಗತಿ. 'ಭೌತ ಮತ್ತು ರಾಸಾಯನಿಕ ಬದಲಾವಣೆಗಳು' ಘಟಕದಲ್ಲಿ ನನ್ನ ನಾಲ್ಕನೇ ಪಾಠ. ಪ್ರೇರಣೆಯ ಹಂತಕ್ಕೆ ನಾನು ವಿಮಾನವನ್ನು ಆರಿಸಿಕೊಂಡಿದ್ದೆ. ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ರಾಳ ಹಿಡಿದುಕೊಂಡು ಮನೆಯ ಶೆಡ್ಡಿನಲ್ಲೇ ವಿಮಾನ ಕಟ್ಟಿ ಹಾರಿಸುವವರು ಅಮೆರಿಕದಲ್ಲಿದ್ದಾರೆ ಎಂದು ಹೇಳಿ, ಚಿತ್ರ ತೋರಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಕಲಸಿ ತೋರಿಸುವುದು ಯೋಜನೆ. ಅಂಟು ಪ್ರಯೋಗಾಲಯದ ಕಪಾಟಿನಲ್ಲೇ ಸಿಕ್ಕಿತ್ತು. ತರಗತಿಯಲ್ಲಿ ಟ್ಯೂಬ್ ಒತ್ತಿದರೆ ಪಾರದರ್ಶಕ ರಾಳದ ಬದಲು ಬೆಳ್ಳಗಿನ, ಮರಳು ಮರಳಾದ ಪದಾರ್ಥ ಬಂತು. ಪೊಟ್ಟಣದ ಮೇಲಿನ ದಿನಾಂಕ ನೋಡಿದೆ. ಅವಧಿ ಮುಗಿದು ಎರಡು ವರ್ಷವಾಗಿತ್ತು. "ಇದು ಕೆಟ್ಟುಹೋಗಿದೆ ಮಕ್ಕಳೇ" ಎಂದು ಹೇಳಿ ಎಲ್ಲರೆದುರೇ ಕಸದ ಬುಟ್ಟಿಗೆ ಹಾಕಿದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮಜ್ಜಿ ಜೇನುತುಪ್ಪ ಹಿಂಗಾದ್ರೆ ಬಿಸಿನೀರಲ್ಲಿ ಇಡ್ತಾರೆ, ಸರಿಹೋಗುತ್ತೆ. ಇದನ್ನೂ ಇಟ್ರೆ?"

"ಅದು ಜೇನು, ಇದು ರಾಸಾಯನಿಕ. ಕೂತ್ಕೊ" ಎಂದೆ.

ಹಿಂದೆ ಕುಳಿತಿದ್ದ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಸಮಯ ಪಾಲನೆ ಎಲ್ಲಕ್ಕೂ ಒಳ್ಳೆಯ ಮಾತು ಬರೆದು, ಕೊನೆಗೆ ಒಂದೇ ಸಾಲು ಸೇರಿಸಿದ್ದರು: 'ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟಿರಾ?' ಕೊಟ್ಟಿರಲಿಲ್ಲ. ಕೊಡಲು ನನಗೇ ಗೊತ್ತಿರಲಿಲ್ಲ. ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆಯ ವ್ಯತ್ಯಾಸ ಕಲಿಸಲು ಹೋದವನು ಆ ವ್ಯತ್ಯಾಸ ಕಣ್ಣೆದುರು ಬಂದು ನಿಂತಾಗ ಅದನ್ನೇ ಬುಟ್ಟಿಗೆ ಎಸೆದಿದ್ದೆ. ಸಂಜೆ ಆಯಾ ಗುಡಿಸುವ ಮೊದಲೇ ಹೋಗಿ ಆ ಟ್ಯೂಬನ್ನು ಎತ್ತಿಕೊಂಡು ಬಂದೆ. ಆಮೇಲಿನ ಹತ್ತು ದಿನ ಓದಿದ್ದು, ಮಾಡಿ ನೋಡಿದ್ದು ಈ ಲೇಖನದಲ್ಲಿದೆ. ಮನೆಯಲ್ಲಿ ವಿಮಾನ ಕಟ್ಟುವವರಿಗೆ ಇದು ನಿಜವಾದ ಸಮಸ್ಯೆ. ಶೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ಉಳಿದ ರಾಳವನ್ನು ರೆಕ್ಕೆಗೆ ಹಾಕಬಹುದೇ, ಬೇಡವೇ?

ಶೆಡ್ಡಿನಲ್ಲಿ ವಿಮಾನ

ಅಮೆರಿಕದ ನಿಯಮದ ಪ್ರಕಾರ ಒಬ್ಬ ಸಾಮಾನ್ಯ ವ್ಯಕ್ತಿ ವಿಮಾನದ ಹೆಚ್ಚಿನ ಭಾಗವನ್ನು ಸ್ವತಃ ಕಟ್ಟಿದರೆ ಅದು 'ಪ್ರಾಯೋಗಿಕ' ವರ್ಗದಲ್ಲಿ ನೋಂದಣಿಯಾಗುತ್ತದೆ. ಆಡುಮಾತಿನಲ್ಲಿ ಇದನ್ನು ಶೇಕಡ 51ರ ನಿಯಮ ಎನ್ನುತ್ತಾರೆ. ಕಟ್ಟುವ ಉದ್ದೇಶ ಸ್ವಂತ ಶಿಕ್ಷಣ ಅಥವಾ ಮನರಂಜನೆ ಆಗಿರಬೇಕು ಎಂದು ನಿಯಮದಲ್ಲೇ ಇದೆ. ವಿಮಾನಯಾನದ ಕಾನೂನಿನಲ್ಲಿ ಶಿಕ್ಷಣ ಎಂಬ ಪದ ನೋಡಿ ನನಗಂತೂ ಖುಷಿಯಾಯಿತು.

ಮೊದಲು ಇಂಥ ವಿಮಾನಗಳು ಮರ, ಬಟ್ಟೆ, ಉಕ್ಕಿನ ಕೊಳವೆ, ಅಲ್ಯೂಮಿನಿಯಂ ತಗಡಿನಿಂದ ಆಗುತ್ತಿದ್ದವು. 1975ರಲ್ಲಿ ಕ್ಯಾಲಿಫೋರ್ನಿಯದ ಮೊಹಾವಿಯ ವಿನ್ಯಾಸಕಾರ ಬರ್ಟ್ ರುಟಾನ್ 'ವೇರಿ ಈಝೀ' ಎಂಬ ಪುಟ್ಟ ಎರಡು ಸೀಟಿನ ವಿಮಾನ ಹಾರಿಸಿದರು. 1979ರಲ್ಲಿ ಅದರ ದೊಡ್ಡ ತಮ್ಮ 'ಲಾಂಗ್ ಈಝೀ' ಬಂತು. ಸಮತೋಲನದ ಪುಟ್ಟ ರೆಕ್ಕೆ ಬಾಲದಲ್ಲಿಲ್ಲ, ಮೂಗಿನ ಹತ್ತಿರವಿದೆ. ಪ್ರೊಪೆಲ್ಲರ್ ಹಿಂದಿದೆ. ಕಟ್ಟುವ ವಿಧಾನವೂ ಹೊಸದು. ಕಾರ್ಖಾನೆಯಲ್ಲಿ ಫೈಬರ್ ಗ್ಲಾಸ್ ವಸ್ತು ಮಾಡಬೇಕೆಂದರೆ ಮೊದಲು ದುಬಾರಿ ಅಚ್ಚು ಬೇಕು. ರುಟಾನ್ ಅಚ್ಚನ್ನೇ ಬಿಟ್ಟರು. ಥರ್ಮೊಕೋಲ್‌ನ ಗಟ್ಟಿ ಜಾತಿಯ ಫೋಮ್ ದಿಂಡನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರಾಳದಿಂದ ತೋಯಿಸಿ ಬಿಟ್ಟರೆ ಸಾಕು. ಫೋಮ್ ಒಳಗೇ ಉಳಿಯುತ್ತದೆ. ನಮ್ಮೂರಿನಲ್ಲಿ ಮದುವೆ ಮಂಟಪಕ್ಕೆ ಥರ್ಮೊಕೋಲ್ ಅಕ್ಷರ ಕೊಯ್ಯುವವರ ಕೈಯಲ್ಲಿರುವುದೂ ಇದೇ ಬಿಸಿ ತಂತಿ.

ರಾಳ ಎಪಾಕ್ಸಿಯೇ ಏಕೆ? ದೋಣಿ, ನೀರಿನ ತೊಟ್ಟಿಗಳಿಗೆ ಬಳಸುವ ಪಾಲಿಯೆಸ್ಟರ್ ರಾಳ ಅಗ್ಗ. ಆದರೆ ಅದರಲ್ಲಿರುವ ಸ್ಟೈರೀನ್ ಪಾಲಿಸ್ಟೈರೀನ್ ಫೋಮನ್ನು ಕರಗಿಸಿಬಿಡುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ದ್ರವದ ನಾಲ್ಕು ಹನಿಯನ್ನು ಥರ್ಮೊಕೋಲ್ ಮೇಲೆ ಹಾಕಿದರೆ ತೂತು ಬೀಳುತ್ತದಲ್ಲ, ಹಾಗೆ. ತರಗತಿಯಲ್ಲಿ ಎರಡು ನಿಮಿಷದಲ್ಲಿ ತೋರಿಸಬಹುದಾದ ಪ್ರಯೋಗ ಅದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಗಾಜಿನ ನಾರಿಗೆ ಅದು ಅಂಟಿಕೊಳ್ಳುವುದೂ ಹೆಚ್ಚು ಬಿಗಿಯಾಗಿ.

ನಮಗೂ ಇದಕ್ಕೂ ಒಂದು ನಂಟಿದೆ. ಬೆಂಗಳೂರಿನ ಎನ್‌ಎಎಲ್ 1980ರ ದಶಕದಲ್ಲಿ ಸಂಯುಕ್ತ ವಸ್ತುಗಳ ತಂತ್ರ ಕಲಿಯಲೆಂದು ಲಾಂಗ್ ಈಝೀ ವಿನ್ಯಾಸವನ್ನೇ ಆಧರಿಸಿ ಒಂದು ಹಗುರ ವಿಮಾನ ಕಟ್ಟಿ ಹಾರಿಸಿತು. ಮುಂದೆ ಅಲ್ಲೇ ಗಾಜಿನ ನಾರಿನ ಮೈಯಿರುವ 'ಹಂಸ' ತರಬೇತಿ ವಿಮಾನ ಹುಟ್ಟಿತು.

ಈ ವಿಮಾನಗಳು ಒಂದೆರಡು ತಿಂಗಳಲ್ಲಿ ಮುಗಿಯುವುದಿಲ್ಲ. ಕೆಲಸದಿಂದ ಬಂದು, ವಾರಾಂತ್ಯ ಹಿಡಿದು ಕಟ್ಟುವವರಿಗೆ ಐದು ವರ್ಷ, ಹತ್ತು ವರ್ಷ ಸಹಜ. ನಡುವೆ ಮಗು ಹುಟ್ಟುತ್ತದೆ, ಊರು ಬದಲಾಗುತ್ತದೆ, ದುಡ್ಡು ಮುಗಿಯುತ್ತದೆ. ಅರ್ಧ ಕಟ್ಟಿದ ವಿಮಾನ ಇನ್ನೊಬ್ಬರಿಗೆ ಮಾರಾಟವಾಗುತ್ತದೆ. ರುಟಾನ್ ಅವರ ಸಂಸ್ಥೆ 1985ರಲ್ಲೇ ನಕ್ಷೆ ಮಾರುವುದನ್ನು ನಿಲ್ಲಿಸಿದ್ದರಿಂದ, ಇಂದು ಲಾಂಗ್ ಈಝೀ ಕಟ್ಟುವವರು ಹಳೆಯ ನಕ್ಷೆ, ಹಳೆಯ ಬಿಡಿಭಾಗಗಳನ್ನೇ ಹುಡುಕುತ್ತಾರೆ. ಅವುಗಳ ಜೊತೆ ಗ್ಯಾಲನ್‌ಗಟ್ಟಲೆ ಹಳೆಯ ರಾಳವೂ ಬರುತ್ತದೆ. ಶೆಡ್ಡಿನಲ್ಲಿ ಚಳಿಗಾಲದಲ್ಲಿ ಹಿಮದಷ್ಟು ತಣ್ಣಗೆ, ಬೇಸಿಗೆಯಲ್ಲಿ ಒಲೆಯಷ್ಟು ಬಿಸಿಯಾಗಿ, ಹಾಗೆಯೇ ನಿಂತಿದ್ದ ರಾಳ.

ಹರಳು ಏಕೆ ಬಂತು?

ಹುಡುಗನ ಅಜ್ಜಿ ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು.

ಎಪಾಕ್ಸಿ ರಾಳದ ಮುಖ್ಯ ಅಣು ಬಿಸ್‌ಫೀನಾಲ್-ಎ ಎಂಬುದರಿಂದ ಮಾಡಿದ್ದು. ನೇರವಾದ, ಸಮರೂಪದ, ಎರಡೂ ತುದಿಯಲ್ಲಿ ಒಂದೊಂದು ಎಪಾಕ್ಸೈಡ್ ಉಂಗುರವಿರುವ ಅಣು. ಶುದ್ಧ ರೂಪದಲ್ಲಿ ಅದರ ಕರಗುವ ಬಿಂದು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂದರೆ ನಮ್ಮ ಕೋಣೆಯ ತಾಪದಲ್ಲಿ ಅದು ನ್ಯಾಯವಾಗಿ ಘನವಾಗಿರಬೇಕಿತ್ತು! ಡಬ್ಬದಲ್ಲಿ ದ್ರವವಾಗಿ ಕಾಣುವುದು ಅತಿಶೀತಲಿತ ದ್ರವ. ದಪ್ಪಗಿರುವುದರಿಂದ ಅಣುಗಳು ಓಡಾಡಿ ಸಾಲಾಗಿ ಕೂರುವುದು ಕಷ್ಟ, ಅದಕ್ಕೇ ಹಾಗೇ ಉಳಿದಿರುತ್ತದೆ. ತಣ್ಣಗಾಗಿ ಬಿಸಿಯಾಗಿ, ಮತ್ತೆ ತಣ್ಣಗಾಗಿ ಬಿಸಿಯಾಗಿ, ಮೇಲೊಂದು ಧೂಳಿನ ಕಣ ಬಿದ್ದರೆ ಅಲ್ಲಿಂದ ಹರಳು ಶುರು. ರಾಳ ಶುದ್ಧವಾದಷ್ಟೂ ಈ ಬುದ್ಧಿ ಜಾಸ್ತಿ. ಅದಕ್ಕೇ ತಯಾರಕರು ಬೇರೆ ಬಗೆಯ ಅಣುಗಳನ್ನು ಬೆರೆಸಿ ಸಾಲು ಕೆಡಿಸುತ್ತಾರೆ.

ಜೇನಿನಲ್ಲೂ ಇದೇ. ನೀರು ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಗ್ಲುಕೋಸ್ ಅದರಲ್ಲಿದೆ. ಚಳಿಗೆ ಗ್ಲುಕೋಸ್ ಹರಳಾಗಿ ಕೂರುತ್ತದೆ. ಮಕ್ಕಳು 'ಸಕ್ಕರೆ ಪಾಕ ಬೆರೆಸಿದ್ದಾರೆ' ಎನ್ನುತ್ತಾರೆ. ಬಿಸಿನೀರಲ್ಲಿಟ್ಟರೆ ತಿರುಗಿ ತಿಳಿಯಾಗುತ್ತದೆ. ಒಂದು ಕರಗಿದ್ದು ಹರಳಾಗುವುದು, ಇನ್ನೊಂದು ದ್ರವವೇ ಗಟ್ಟಿಯಾಗುವುದು ಎಂಬ ಸಣ್ಣ ವ್ಯತ್ಯಾಸ ಬಿಟ್ಟರೆ, ಎರಡೂ ಭೌತ ಬದಲಾವಣೆ. ಹೊಸ ವಸ್ತು ಹುಟ್ಟಿಲ್ಲ, ಹಿಂದಕ್ಕೆ ತರಬಹುದು.

ವಿಮಾನ ಕಟ್ಟುವವರು ಮಾಡುವುದೂ ಅಜ್ಜಿಯ ಉಪಾಯವನ್ನೇ. ರಾಳದ ಡಬ್ಬವನ್ನು ಸುಮಾರು 50 ಡಿಗ್ರಿಯ ಬಿಸಿನೀರಿನಲ್ಲಿಟ್ಟು, ಆಗಾಗ ಕದಡಿ, ಒಂದು ಹರಳೂ ಉಳಿಯದಂತೆ ಕರಗಿಸುತ್ತಾರೆ. ಮುಚ್ಚಳದ ಸುರುಳಿಯಲ್ಲಿ ಅಂಟಿದ ಹರಳನ್ನೂ ಬಿಡುವಂತಿಲ್ಲ, ಅದೇ ನಾಳೆಯ ಬೀಜ. ಡಬ್ಬಕ್ಕೆ ನೇರ ಬೆಂಕಿ ತೋರಿಸುವುದಿಲ್ಲ. ಅನೇಕರು ಪ್ಲೈವುಡ್ ಪೆಟ್ಟಿಗೆಯೊಂದರಲ್ಲಿ ಬಲ್ಬ್ ಉರಿಸಿ, ಅದರೊಳಗೆ ರಾಳ ಮತ್ತು ಅಳತೆಯ ಪಂಪನ್ನು ಇಡುತ್ತಾರೆ. ಕೋಳಿಮರಿ ಸಾಕುವವರ ಪೆಟ್ಟಿಗೆ ನೆನಪಾಗುತ್ತದೆ. ಬೆಚ್ಚಗಿದ್ದರೆ ಹರಳಾಗುವುದಿಲ್ಲ, ತೆಳ್ಳಗಿದ್ದು ಬಟ್ಟೆಯೊಳಗೆ ಸಲೀಸಾಗಿ ಇಳಿಯುತ್ತದೆ.

ಹರಳನ್ನು ಕರಗಿಸದೆ ಬಳಸಿದರೇನು? ಹರಳಾದ ಭಾಗ ತಳದಲ್ಲಿ ಕೂತು, ಮೇಲಿನ ದ್ರವ ಮಾತ್ರ ಕಪ್ಪಿಗೆ ಬರಬಹುದು. ಅಥವಾ ಹರಳಿನೊಳಗಿನ ಅಣುಗಳಿಗೆ ಹಾರ್ಡ್‌ನರ್ ತಲುಪದೆ ಹೋಗಬಹುದು. ಎರಡರಲ್ಲೂ ಲೆಕ್ಕ ತಪ್ಪುತ್ತದೆ. ಎಪಾಕ್ಸಿಯಲ್ಲಿ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದೇ ಈ ವಿಷಯದ ತಿರುಳು, ಅದಕ್ಕೆ ಸ್ವಲ್ಪ ಜಾಗ ಕೊಡುತ್ತೇನೆ.

ಗುಂಡಿ ಮತ್ತು ಕಾಜ

ಎಪಾಕ್ಸೈಡ್ ಉಂಗುರದಲ್ಲಿ ಮೂರೇ ಪರಮಾಣು, ಎರಡು ಕಾರ್ಬನ್, ಒಂದು ಆಮ್ಲಜನಕ. ತ್ರಿಕೋನಕ್ಕೆ ಬಗ್ಗಿಸಿದ ಬಂಧಗಳು ಬಿಗಿಯಾಗಿ ನಿಂತಿರುತ್ತವೆ, ಅವಕಾಶ ಸಿಕ್ಕರೆ ಬಿಚ್ಚಿಕೊಳ್ಳಲು ಕಾಯುತ್ತಿರುತ್ತವೆ. ಹಾರ್ಡ್‌ನರ್ ಒಂದು ಅಮೈನ್. ಅದರ ನೈಟ್ರೋಜನ್‌ಗೆ ಅಂಟಿದ ಒಂದೊಂದು ಹೈಡ್ರೋಜನ್ ಒಂದೊಂದು ಉಂಗುರವನ್ನು ಬಿಚ್ಚಬಲ್ಲದು. ಬಿಚ್ಚಿದ ಕಡೆ ಹೊಸ ಬಂಧ. ಮಕ್ಕಳಿಗೆ ಹೇಳುವಾಗ ಹೈಡ್ರೋಜನ್ನನ್ನು ಗುಂಡಿ, ಉಂಗುರವನ್ನು ಕಾಜ ಎಂದೆ. ರಾಳದ ಅಣುವಿಗೆ ಎರಡು ಕಾಜ. ಟ್ರೈಎಥಿಲೀನ್ ಟೆಟ್ರಮೈನ್ ಎಂಬ ಸಾಮಾನ್ಯ ಹಾರ್ಡ್‌ನರ್ ಅಣುವಿಗೆ ಆರು ಗುಂಡಿ. ಎಲ್ಲ ಗುಂಡಿಯೂ ಎಲ್ಲ ಕಾಜಕ್ಕೂ ಸೇರಿದಾಗ ಮೂರು ಆಯಾಮದ ಬಲೆ ನೇಯ್ದುಕೊಳ್ಳುತ್ತದೆ. ಇದನ್ನು ಬಿಸಿ ಮಾಡಿದರೂ ಮತ್ತೆ ಕರಗುವುದಿಲ್ಲ. ಇದು ರಾಸಾಯನಿಕ ಬದಲಾವಣೆ.

ಲೆಕ್ಕ ಹಾಕಿ ನೋಡೋಣ. ಈ ಹಾರ್ಡ್‌ನರ್‌ನ ಅಣುತೂಕ 146. ಆರು ಗುಂಡಿಗೆ ಹಂಚಿದರೆ ಗುಂಡಿಯೊಂದಕ್ಕೆ ಸುಮಾರು 24.3. ಸಾಮಾನ್ಯ ದ್ರವ ರಾಳದಲ್ಲಿ ಕಾಜವೊಂದಕ್ಕೆ ಸುಮಾರು 190. ಹಾಗಾದರೆ 100 ಗ್ರಾಂ ರಾಳಕ್ಕೆ ಬೇಕಾದದ್ದು 24.3ನ್ನು 100ರಿಂದ ಗುಣಿಸಿ 190ರಿಂದ ಭಾಗಿಸಿದಷ್ಟು, ಅಂದರೆ 12.8 ಗ್ರಾಂ. ಬೇರೆ ಬೇರೆ ತಯಾರಕರ ಹಾರ್ಡ್‌ನರ್ ಬೇರೆಯಾದ್ದರಿಂದ ಪ್ರಮಾಣವೂ ಬೇರೆ. ದೋಣಿ ಕಟ್ಟುವವರಲ್ಲೂ ವಿಮಾನ ಕಟ್ಟುವವರಲ್ಲೂ ಪ್ರಸಿದ್ಧವಾದ ವೆಸ್ಟ್ ಸಿಸ್ಟಂನ ಒಂದು ಜೋಡಿಗೆ ಗಾತ್ರದಲ್ಲಿ 5ಕ್ಕೆ 1. ಡಬ್ಬದ ಮೇಲಿರುವ ಸಂಖ್ಯೆ ಯಾರೋ ಅಂದಾಜಿಗೆ ಬರೆದದ್ದಲ್ಲ, ಈ ಗುಂಡಿ-ಕಾಜದ ಎಣಿಕೆ.

ಇಲ್ಲಿ ಜನ ಸಾಮಾನ್ಯವಾಗಿ ಎಡವುತ್ತಾರೆ. ಪಾಲಿಯೆಸ್ಟರ್ ರಾಳಕ್ಕೆ ಹಾಕುವ ನಾಲ್ಕು ಹನಿ ದ್ರವ ಕ್ರಿಯೆಗೆ ಕಿಡಿ ಹೊತ್ತಿಸುವಂಥದ್ದು. ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯ ಹಾರ್ಡ್‌ನರ್ ಹಾಗಲ್ಲ, ಅದು ಸ್ವತಃ ಬಲೆಯ ಭಾಗವಾಗುವ ಪ್ರತಿವರ್ತಕ. ಹೆಚ್ಚು ಹಾಕಿದರೆ ಜೋಡಿಯಿಲ್ಲದ ಗುಂಡಿಗಳು, ಕಡಿಮೆ ಹಾಕಿದರೆ ಜೋಡಿಯಿಲ್ಲದ ಕಾಜಗಳು. ಎರಡೂ ಕಡೆ ಬಲೆ ಸಡಿಲ. ಕ್ರಿಯಾವರ್ಧಕಕ್ಕೂ ಪ್ರತಿವರ್ತಕಕ್ಕೂ ಇರುವ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕಿಲ್ಲ.

ರುಟಾನ್ ಅವರ ನಕ್ಷೆಪುಸ್ತಕದಲ್ಲಿ ಮೊದಲೇ ಒಂದು ತಕ್ಕಡಿ ಕಟ್ಟಿಕೊಳ್ಳುವ ವಿಧಾನ ಇರುವುದು ಇದಕ್ಕೇ. ಎರಡು ತೋಳುಗಳ ಉದ್ದವನ್ನು ರಾಳ ಮತ್ತು ಹಾರ್ಡ್‌ನರ್ ಪ್ರಮಾಣಕ್ಕೆ ವಿಲೋಮವಾಗಿ ಇಟ್ಟರೆ, ತೂಕದ ಕಲ್ಲೇ ಇಲ್ಲದೆ ಸರಿಯಾದ ಪ್ರಮಾಣ ಸಿಗುತ್ತದೆ. ಸನ್ನೆಯ ತತ್ವ. ನೂರು ಗ್ರಾಂ ಆಗಲಿ ಮೂವತ್ತೇಳು ಗ್ರಾಂ ಆಗಲಿ, ತಕ್ಕಡಿ ಸಮವಾದರೆ ಲೆಕ್ಕ ಸಮ.

ಮುದಿಯಾಗುವುದು ಯಾರು?

ರಾಳ ಮುಚ್ಚಿದ ಡಬ್ಬದಲ್ಲಿ ವರ್ಷಗಟ್ಟಲೆ ಇದ್ದರೂ ಹೆಚ್ಚೇನೂ ಆಗುವುದಿಲ್ಲ. ಕಾಜಗಳು ತಮ್ಮತಮ್ಮಲ್ಲೇ ಕೋಣೆಯ ತಾಪದಲ್ಲಿ ಸೇರಿಕೊಳ್ಳುವುದು ತೀರಾ ನಿಧಾನ. ಪಾಲಿಯೆಸ್ಟರ್ ರಾಳವಾದರೆ ಡಬ್ಬದೊಳಗೇ ಜೆಲ್ ಆಗಿಬಿಡುತ್ತದೆ. ಎಪಾಕ್ಸಿಗೆ ಆ ಕಾಟವಿಲ್ಲ.

ಮುದಿಯಾಗುವುದು ಹಾರ್ಡ್‌ನರ್. ಅಮೈನ್‌ಗೆ ನೀರಿನ ಮೇಲೆ ಆಸೆ, ಇಂಗಾಲದ ಡೈಆಕ್ಸೈಡ್ ಮೇಲೂ ಆಸೆ. ಮುಚ್ಚಳ ಸಡಿಲವಾಗಿದ್ದರೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಕಾರ್ಬಮೇಟ್ ಎಂಬ ಲವಣವಾಗುತ್ತದೆ. ಡಬ್ಬದ ಬಾಯಲ್ಲಿ ಬಿಳಿ ಹೆಕ್ಕಳೆ ಕಟ್ಟುವುದು ಅದೇ. ಹೀಗೆ ಸಿಕ್ಕಿಹಾಕಿಕೊಂಡ ಗುಂಡಿಗಳು ಕಾಜಕ್ಕೆ ಸಿಗುವುದಿಲ್ಲ. ಮೇಲಿನ ಲೆಕ್ಕಕ್ಕೇ ಬರೋಣ. ಹತ್ತರಲ್ಲೊಂದು ಪಾಲು ಗುಂಡಿ ಹೀಗೆ ನಷ್ಟವಾಗಿದೆ ಎಂದುಕೊಳ್ಳಿ. ನೀವು 12.8 ಗ್ರಾಂ ನಿಖರವಾಗಿ ತೂಗಿ ಹಾಕಿದರೂ ಕೆಲಸ ಮಾಡುವುದು 11.5 ಗ್ರಾಂನಷ್ಟು. ತಕ್ಕಡಿ ಸರಿಯಿದೆ, ಲೆಕ್ಕ ಸರಿಯಿಲ್ಲ. ಹಾಗಾದರೆ ಇನ್ನಷ್ಟು ಸುರಿಯೋಣವೇ? ಎಷ್ಟು ನಷ್ಟವಾಗಿದೆ ಎಂದು ಗೊತ್ತಿಲ್ಲದಿರುವಾಗ ಎಷ್ಟು ಸುರಿಯುವುದು?

ಇನ್ನು ಬಣ್ಣ. ಹಳೆಯ ಹಾರ್ಡ್‌ನರ್ ಚಹಾದಂತೆ ಕೆಂಪಗೆ, ಕಂದಾಗಿ ತಿರುಗುತ್ತದೆ. ಬಣ್ಣ ಒಂದೇ ಸಾಕ್ಷಿಯಲ್ಲ. ಕಪ್ಪಗಾದ ಹಾರ್ಡ್‌ನರ್ ಚೆನ್ನಾಗಿ ಕೆಲಸ ಮಾಡಬಹುದು, ತಿಳಿಯಾಗಿ ಕಾಣುವುದು ಸೋಲಬಹುದು. ಬಾಯಿಯ ಬಿಳಿ ಹೆಕ್ಕಳೆ, ಒಳಗಿನ ಮೋಡ, ದಪ್ಪದಲ್ಲಿ ಬದಲಾವಣೆ ಹೆಚ್ಚು ಚಿಂತೆಗೆ ಕಾರಣ. ನಾನು ತರಗತಿಯಲ್ಲಿ ಮಾಡಿದ್ದು ನಿಖರವಾಗಿ ಇದರ ತಿರುವುಮುರುವು. ನೋಡಲು ಕೆಟ್ಟಂತಿದ್ದ ರಾಳವನ್ನು ಎಸೆದೆ, ನೋಡಲು ಚೆನ್ನಾಗಿದ್ದ ಹಾರ್ಡ್‌ನರ್ ಟ್ಯೂಬನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟೆ.

ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹಳೆಯ ರಾಳ ಇಟ್ಟುಕೊಂಡವರು ಮೊದಲು ಮಾಡುವುದು ಸಣ್ಣ ಪರೀಕ್ಷೆ. ರಾಳವನ್ನು ಬೆಚ್ಚಗೆ ಮಾಡಿ ಕದಡಿ, ತೂಗಿ, ಕಪ್ಪಿನ ಅಂಚು ತಳ ಬಿಡದೆ ಎರಡು ನಿಮಿಷ ಕಲಸಿ, ಒಂದು ದಿನ ಬಿಟ್ಟು ಉಗುರಿನಿಂದ ಕೆರೆದು ನೋಡುವುದು. ಅಂಟಂಟಾಗಿದ್ದರೆ ಅಲ್ಲಿಗೆ ಮುಗಿಯಿತು. ಗಟ್ಟಿಯಾದರೆ ಮುಂದಿನ ಹಂತ, ಗಾಜಿನ ಬಟ್ಟೆಯ ನಾಲ್ಕೈದು ಪದರದ ಪಟ್ಟಿ ಮಾಡಿ ಬಗ್ಗಿಸಿ ಮುರಿಯುವುದು. ಪಕ್ಕದಲ್ಲೇ ಹೊಸ ರಾಳದ ಇನ್ನೊಂದು ಪಟ್ಟಿ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಏನೂ ಇರುವುದಿಲ್ಲ. ಶಿಸ್ತಿನವರು ಪ್ರತಿದಿನದ ಕೆಲಸದಲ್ಲಿ ಉಳಿದ ರಾಳದ ಕಪ್ಪಿಗೆ ದಿನಾಂಕ, ಯಾವ ಭಾಗ ಎಂದು ಬರೆದು ಎತ್ತಿಡುತ್ತಾರೆ. ನಾಳೆ ಒಂದು ಕಪ್ಪು ಮೆತ್ತಗಿದ್ದರೆ ವಿಮಾನದ ಯಾವ ಭಾಗ ಮೆತ್ತಗಿದೆ ಎಂದು ಗೊತ್ತಾಗುತ್ತದೆ.

ಉಗುರಿನ ಪರೀಕ್ಷೆ ನೆರಳಿನಲ್ಲಿ ನಡೆಯುತ್ತದೆ, ವಿಮಾನ ನಿಲ್ಲುವುದು ಬಿಸಿಲಿನಲ್ಲಿ. ಪ್ರತಿ ಎಪಾಕ್ಸಿಗೂ ಒಂದು ತಾಪವಿದೆ. ಅದಕ್ಕಿಂತ ಕೆಳಗೆ ಅದು ಗಾಜಿನಂತೆ ಗಟ್ಟಿ, ಮೇಲೆ ರಬ್ಬರಿನಂತೆ ಮೆದು. ಇದಕ್ಕೆ ಗಾಜು ಸ್ಥಿತ್ಯಂತರ ತಾಪ ಎನ್ನಬಹುದು. ಕೋಣೆಯ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿಗೆ ಇದು ಅನೇಕ ವೇಳೆ 60 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ಕಪ್ಪು ಬಣ್ಣದ ಮೇಲ್ಮೈ ಅದನ್ನು ಸುಲಭವಾಗಿ ದಾಟುತ್ತದೆ. ರುಟಾನ್ ವಿಮಾನಗಳೆಲ್ಲ ಬೆಳ್ಳಗಿರುವುದು ಶೋಕಿಗಲ್ಲ. ಹಳೆಯ ಹಾರ್ಡ್‌ನರ್‌ನಿಂದ ಬಲೆ ಸಡಿಲವಾದರೆ ಈ ತಾಪ ಇನ್ನೂ ಕೆಳಗೆ ಇಳಿಯುತ್ತದೆ. ನೆರಳಿನಲ್ಲಿ ಉಗುರಿಗೆ ಜಗ್ಗದ ಪಟ್ಟಿ ಬಿಸಿಲಿನಲ್ಲಿ ಭಾರ ಹೊತ್ತಾಗ ನಿಧಾನವಾಗಿ ಬಾಗಬಹುದು. ಶನಿವಾರದ ಕಿರುಪರೀಕ್ಷೆಯಲ್ಲಿ ವ್ಯಾಖ್ಯೆ ತಪ್ಪಿಲ್ಲದೆ ಬರೆದ ಮಗು ಅಡುಗೆಮನೆಯ ಜೇನು ಡಬ್ಬ ನೋಡಿ ತಬ್ಬಿಬ್ಬಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆ ದಿನ ತಬ್ಬಿಬ್ಬಾದದ್ದು ಮಗುವಲ್ಲ ಅಷ್ಟೆ.

ಹಾಗಾದರೆ ಹಳೆಯ ರಾಳವನ್ನು ಏನು ಮಾಡಬೇಕು? ಪ್ರಮಾಣೀಕೃತ ಕಾರ್ಖಾನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅವಧಿ ಮುಗಿದರೆ ವಿಧಿಬದ್ಧ ಮರುಪರೀಕ್ಷೆಯಿಲ್ಲದೆ ವಿಮಾನದ ಹತ್ತಿರ ಬಿಡುವುದಿಲ್ಲ. ಮನೆಯಲ್ಲಿ ಕಟ್ಟುವವನಿಗೆ ಆ ನಿರ್ಧಾರ ಅವನದೇ. ನನ್ನ ಅಭಿಪ್ರಾಯ ಕೇಳಿದರೆ, ಹರಳು ಕರಗಿಸಿ ಪರೀಕ್ಷೆಯಲ್ಲಿ ಗೆದ್ದ ಹಳೆಯ ರಾಳ ಕೈ ಪಳಗಿಸುವ ಪಟ್ಟಿಗಳಿಗೆ, ಭಾಗಗಳನ್ನು ಹಿಡಿದಿಡುವ ಚೌಕಟ್ಟುಗಳಿಗೆ, ಭಾರ ಹೊರದ ಮುಚ್ಚಳಗಳಿಗೆ ಸಾಕು. ರಾಳ ಚೆನ್ನಾಗಿದ್ದು ಹಾರ್ಡ್‌ನರ್ ಮಾತ್ರ ಅನುಮಾನವಾದರೆ ಅದೇ ತಯಾರಕರ ಹೊಸ ಹಾರ್ಡ್‌ನರ್ ತರುವುದು ಬುದ್ಧಿವಂತಿಕೆ. ರೆಕ್ಕೆಯ ಭಾರ ಹೊರುವ ತೊಲೆ, ರೆಕ್ಕೆಯ ಚರ್ಮ ಇವುಗಳಿಗೆ ಹೊಸ ರಾಳವೇ ಬೇಕು. ವರ್ಷಗಟ್ಟಲೆಯ ದುಡಿಮೆಯಲ್ಲಿ ರಾಳದ ಬೆಲೆ ಸಣ್ಣ ಪಾಲು. ತಪ್ಪಾದ ಪದರವನ್ನು ಆಮೇಲೆ ಬಿಚ್ಚಲು ಆಗುವುದಿಲ್ಲ, ಮೊದಲೇ ಹೇಳಿದಂತೆ ಅದು ರಾಸಾಯನಿಕ ಬದಲಾವಣೆ.

ಮತ್ತೆ ತರಗತಿಗೆ

ಹತ್ತು ದಿನದ ಬಳಿಕ ಅದೇ ತರಗತಿಗೆ ಹೋಗಿ ಮೊದಲು ಹೇಳಿದ ಮಾತು: "ಅವತ್ತು ನಾನು ಹೇಳಿದ್ದು ತಪ್ಪು. ಇವನು ಕೇಳಿದ್ದು ಸರಿ." ತರಗತಿ ಒಂದು ಕ್ಷಣ ಸುಮ್ಮನಾಯಿತು. ಹುಡುಗ ಮಾತ್ರ ತಲೆ ತಗ್ಗಿಸಿ ಪೆನ್ಸಿಲ್ ಕೆರೆಯುತ್ತ ಕುಳಿತಿದ್ದ.

ಒಂದು ಎಚ್ಚರಿಕೆ, ಈ ಪಾಠ ಮಾಡಬಯಸುವವರಿಗೆ. ಹಾರ್ಡ್‌ನರ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಅಂಟಿಕೊಂಡುಬಿಡುತ್ತದೆ, ಆಮೇಲೆ ಜೀವನವಿಡೀ ಬಿಡುವುದಿಲ್ಲ. ಕಲಸುವ ಕೆಲಸ ಶಿಕ್ಷಕರದ್ದೇ, ಕೈಗವಸು ಹಾಕಿ, ಕಿಟಕಿ ತೆರೆದು. ಬಟಾಣಿ ಗಾತ್ರದಷ್ಟು ಸಾಕು. ಕಪ್ಪಿನ ತುಂಬ ಕಲಸಿಟ್ಟರೆ ಕ್ರಿಯೆಯ ಶಾಖ ಹೊರಹೋಗದೆ ತಾನೇ ಏರುತ್ತ ಹೋಗಿ ಹೊಗೆ ಬರುತ್ತದೆ. ಮಕ್ಕಳ ಕೈಗೆ ಕೊಡಬೇಕಾದದ್ದು ಜೇನಿನ ಬಾಟಲಿ, ಉಷ್ಣಮಾಪಕ, ಬಿಸಿನೀರು.

ಮೊದಲು ಹರಳಾದ ರಾಳದ ಸ್ವಲ್ಪವನ್ನು ಬೇರೆ ತೆಗೆದಿಟ್ಟೆ. ಟ್ಯೂಬಿನ ಬಾಯಿ ಬಿಗಿಮಾಡಿ ಬಿಸಿನೀರಿಗೆ ಇಳಿಸಿದೆವು. ಇಪ್ಪತ್ತು ನಿಮಿಷಕ್ಕೆ ಪಕ್ಕದ ಬಾಟಲಿಯ ಜೇನೂ ತಿಳಿಯಾಯಿತು, ರಾಳವೂ ತಿಳಿಯಾಯಿತು. ಪಾಲಿಥೀನ್ ಹಾಳೆಯ ಮೇಲೆ ಮೂರು ಪಟ್ಟಿ ಎಳೆದೆ. ಹೊಸ ಪೊಟ್ಟಣದ್ದು ಒಂದು, ಕರಗಿಸಿದ ಹಳೆಯ ರಾಳ ಮತ್ತು ಹಳೆಯ ಹಾರ್ಡ್‌ನರ್‌ನದು ಎರಡು, ಹರಳನ್ನು ಹಾಗೇ ಕಲಸಿದ್ದು ಮೂರು. ಮಾರನೇ ದಿನ ಒಂದೂ ಎರಡೂ ಉಗುರಿಗೆ ಜಗ್ಗಲಿಲ್ಲ. ಮೂರನೆಯದು ಅಲ್ಲಲ್ಲಿ ಅಂಟಂಟು.

"ಸಾರ್, ಹಂಗಾದ್ರೆ ಎರಡನೇದ್ರಲ್ಲಿ ಪ್ಲೇನ್ ಕಟ್ಬೋದಲ್ವಾ?" ಹುಡುಗನದೇ ಪ್ರಶ್ನೆ.

ಉತ್ತರ ಹೇಳಲಿಲ್ಲ. ಒಂದು ಮತ್ತು ಎರಡನೇ ಪಟ್ಟಿಯನ್ನು ಮಧ್ಯಾಹ್ನ ಸೈಕಲ್ ಶೆಡ್ಡಿನ ಪಕ್ಕ ಬಿದ್ದಿದ್ದ ತಗಡಿನ ಮೇಲೆ, ಎರಡೆರಡು ಇಟ್ಟಿಗೆ ಚೂರಿನ ನಡುವೆ ಸೇತುವೆಯಂತೆ ಇಟ್ಟೆವು. ನಡುವೆ ಒಂದೊಂದು ಕಬ್ಬಿಣದ ನಟ್ಟು ಭಾರ. ಫೆಬ್ರುವರಿಯ ಬಿಸಿಲು. ಕೊನೆಯ ಅವಧಿಗೆ ಬಂದು ಸ್ಕೇಲ್ ಹಿಡಿದು ಅಳೆದಾಗ ಹೊಸದು 3 ಮಿಲಿಮೀಟರ್ ಬಾಗಿತ್ತು, ಹಳೆಯದು 8. ಮಕ್ಕಳು ಕೂಗಿದರು. ಹಳೆಯದು ಸೋತಿತು ಎಂದು ನಾನೂ ಕಪ್ಪುಹಲಗೆಯಲ್ಲಿ ಬರೆಯಹೊರಟೆ.

ಮುಂದಿನ ಬೆಂಚಿನ ಹುಡುಗಿ ಎರಡೂ ಪಟ್ಟಿಗಳನ್ನು ಅಡ್ಡ ಹಿಡಿದು ನೋಡುತ್ತಿದ್ದಳು. "ಸಾರ್, ಹಳೇದು ತೆಳ್ಳಗಿದೆ. ಅದಕ್ಕೇ ಬಾಗಿರ್ಬೋದು."

ನಿಜ. ಕೈಯಿಂದ ಎಳೆದ ಪಟ್ಟಿ, ದಪ್ಪ ಒಂದೇ ಆಗಿರಲಿಲ್ಲ. ಬರೆಯಲು ಎತ್ತಿದ ಸೀಮೆಸುಣ್ಣವನ್ನು ಕೆಳಗಿಟ್ಟೆ. ಒಂದೇ ದಪ್ಪದ ಪಟ್ಟಿ ಬೇಕೆಂದರೆ ಹೇಗೆ ಎಂಬ ಚರ್ಚೆಯಲ್ಲಿ ಉಳಿದ ಅವಧಿ ಮುಗಿಯಿತು. ಬೆಂಕಿಪೊಟ್ಟಣದ ಒಳಗಿನ ತಟ್ಟೆಗೆ ಪಾಲಿಥೀನ್ ಹಾಸಿ, ಅದರಲ್ಲಿ ಎರಡನ್ನೂ ತೂಗಿ ಒಂದೇ ತೂಕ ಸುರಿಯುವುದು ಎಂದು ಅವರೇ ತೀರ್ಮಾನಿಸಿದರು. ನನ್ನ ಬೋಧನಾಭ್ಯಾಸ ಆ ಶನಿವಾರಕ್ಕೆ ಮುಗಿಯಿತು. ಟ್ಯೂಬುಗಳನ್ನೂ ಕೈಗವಸುಗಳನ್ನೂ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ ಬಂದಿದ್ದೇನೆ. ಮುಂದಿನ ವಾರ ಪಟ್ಟಿ ಸುರಿಯುತ್ತಾರಂತೆ. ಅಳತೆ ಬಂದ ಮೇಲೆ ತಿಳಿಸಿ ಎಂದು ಹುಡುಗಿಯ ನೋಟ್‌ಬುಕ್ಕಿನಲ್ಲಿ ನನ್ನ ವಿಳಾಸ ಬರೆದುಕೊಟ್ಟಿದ್ದೇನೆ.